ಒಂದು ಮೊಟ್ಟೆಗೆ ಎರಡು ಚಿಪ್ಪಿನ ಲೆಕ್ಕ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಹಿತ್ತಲಿನಲ್ಲಿ ಎಂಟು ಗಿರಿರಾಜ, ನಾಲ್ಕು ನಾಟಿ ಹೇಂಟೆಗಳಿವೆ. ಒಂದು ನಾಟಿ ಹೇಂಟೆಯ ಜೊತೆ ಮರಿಗಳೂ ಓಡಾಡುತ್ತಿವೆ. ಅಕ್ಕಿನುಚ್ಚು, ರಾಗಿ, ಮುಸುಕಿನ ಜೋಳ, ಉಳಿದ ಅನ್ನ ಹಾಕುತ್ತೇವೆ. ಮಳೆ ಹಿಡಿದ ಮೇಲೆ ಗಿರಿರಾಜದ ಮೊಟ್ಟೆಗಳ ಚಿಪ್ಪು ತೀರ ತೆಳ್ಳಗಾಗಿದೆ, ಗೂಡಿನಲ್ಲೇ ಒಡೆದಿರುತ್ತವೆ. ಮೊಟ್ಟೆಚಿಪ್ಪನ್ನೇ ಕೂಡಿಟ್ಟು ಕೋಳಿಗೆ ಹಾಕಿ ಎಂದು ಯಾರೋ ಹೇಳಿದರು. ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿಡುತ್ತಾ ಬಂದೆ. ವಾರದೊಳಗೆ ಕೊಳೆತ ನಾತ, ಹುಳು. ಚಿಪ್ಪಿನ ರುಚಿ ಹತ್ತಿದ ಕೋಳಿ ಮೊಟ್ಟೆ ಕುಡಿಯಲು ಕಲಿಯುತ್ತದೆ ಎಂದು ಅತ್ತೆಯವರು ಬೇರೆ ಹೆದರಿಸುತ್ತಿದ್ದಾರೆ. ಚಿಪ್ಪನ್ನು ಹೇಗೆ ಇಡಬೇಕು, ಎಷ್ಟು ಹಾಕಬೇಕು? ಪೇಟೆಯ ಬೇಕರಿಯವರು ಬೇಕಾದಷ್ಟು ಚಿಪ್ಪು ಕೊಡುತ್ತೇವೆ ಎನ್ನುತ್ತಾರೆ, ತರಬಹುದೇ? ಎಲೆಯಡಿಕೆಯ ಸುಣ್ಣವನ್ನೇ ಹಾಕಿದರೆ ಆಗದೇ?

ಉತ್ತರ: ನಿಮ್ಮ ಡಬ್ಬದಲ್ಲಿ ಕೊಳೆತದ್ದು ಚಿಪ್ಪಲ್ಲ, ಚಿಪ್ಪಿನೊಳಗೆ ಅಂಟಿಕೊಂಡು ಉಳಿದ ಲೋಳೆ. ಚಿಪ್ಪು ಎಂಬುದು ನೂರಕ್ಕೆ 94–95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲೂ ಅದೇ, ಸಮುದ್ರದ ಕಪ್ಪೆಚಿಪ್ಪೂ ಅದೇ. ವರ್ಷಗಟ್ಟಲೆ ಇಟ್ಟರೂ ಅದಕ್ಕೆ ಏನೂ ಆಗದು. ಆದರೆ ಆಮ್ಲೆಟ್‌ಗೆಂದು ಒಡೆದ ಮೊಟ್ಟೆಯ ಚಿಪ್ಪಿನಲ್ಲಿ ಚೂರಾದರೂ ಬಿಳಿ ಲೋಳೆ ಉಳಿದೇ ಉಳಿಯುತ್ತದೆ. ಅದರ ಒಳಪೊರೆ ಬೇರೆ ನೀರು ಹಿಡಿದುಕೊಂಡಿರುತ್ತದೆ. ಅಂಥದ್ದನ್ನು ಮುಚ್ಚಳ ಬಿಗಿದ ಡಬ್ಬಕ್ಕೆ ತುಂಬಿದರೆ, ಅದೂ ಹೊಸನಗರದ ಆಷಾಢದ ಹವೆಯಲ್ಲಿ, ನಾತ ಬರದಿದ್ದರೇ ಆಶ್ಚರ್ಯ. ಡಬ್ಬ ಬದಲಿಸಿ ಪ್ರಯೋಜನವಿಲ್ಲ, ಡಬ್ಬಕ್ಕೆ ಹಾಕುವ ಮೊದಲಿನ ಕೆಲಸ ಬದಲಾಗಬೇಕು.

ಮೊಟ್ಟೆ ಒಡೆದ ಕೂಡಲೇ ಚಿಪ್ಪಿನ ಎರಡೂ ಹೋಳುಗಳನ್ನು ನಲ್ಲಿಯ ಕೆಳಗೆ ಹಿಡಿದು, ಒಳಗೆ ಬೆರಳಾಡಿಸಿ ತೊಳೆಯಿರಿ. ಲೋಳೆ ಒಣಗಿದ ಮೇಲೆ ಏನು ಮಾಡಿದರೂ ಬಿಡುವುದಿಲ್ಲ, ಹಸಿಯಿದ್ದಾಗ ನಾಲ್ಕು ಹನಿ ನೀರು ಸಾಕು. ಸೋಪು ಬೇಡ. ಒಳಪೊರೆಯನ್ನು ಕಿತ್ತು ತೆಗೆಯಬೇಕೆಂದು ಕೆಲವರು ಪಟ್ಟು ಹಿಡಿಯುತ್ತಾರೆ. ಅದು ವ್ಯರ್ಥ ಶ್ರಮ. ಪೊರೆಯಲ್ಲಿರುವುದು ಬರೀ ಪ್ರೋಟೀನು, ಕೋಳಿಗೆ ತೊಂದರೆಯಿಲ್ಲ. ಬೇಯಿಸಿದ ಮೊಟ್ಟೆಯ ಚಿಪ್ಪಾದರೆ ಕೆಲಸ ಇನ್ನೂ ಸುಲಭ, ಅದರಲ್ಲಿ ಲೋಳೆಯೇ ಇರುವುದಿಲ್ಲ.

ತೊಳೆದ ಚಿಪ್ಪನ್ನು ಹೋಳು ಹೋಳಾಗಿಯೇ ಮೊರದಲ್ಲೋ ಬಿದಿರಿನ ತಟ್ಟೆಯಲ್ಲೋ ಬೋರಲು ಹರಡಿ. ಒಂದರೊಳಗೊಂದು ಸೇರಿಸಿ ಜೋಡಿಸಿಟ್ಟರೆ ಒಳಗಿನದಕ್ಕೆ ಗಾಳಿಯೇ ತಾಗುವುದಿಲ್ಲ. ಬೇಸಿಗೆಯಲ್ಲಿ ಒಂದು ದಿನದ ಬಿಸಿಲು ಸಾಕು. ಮಳೆಗಾಲದಲ್ಲಿ ನಿಮ್ಮ ಕಡೆ ಬಿಸಿಲನ್ನು ನಂಬಿ ಕೂರುವಂತಿಲ್ಲ. ಸೌದೆ ಒಲೆಯಿರುವ ಮನೆಯಾದರೆ ಒಲೆಯ ಮೇಲಿನ ಅಟ್ಟವೇ ಸರಿಯಾದ ಜಾಗ. ಗ್ಯಾಸ್ ಒಲೆ ಮಾತ್ರ ಇದ್ದರೆ ಹಳೆಯ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ, ಆಗಾಗ ಕೈಯಾಡಿಸುತ್ತಾ ಹುರಿಯಿರಿ. ಹೀಗೆ ಹುರಿಯುವುದರಿಂದ ಇನ್ನೊಂದು ಲಾಭವಿದೆ. ಚಿಪ್ಪಿನ ಮೇಲೆ ಸಾಲ್ಮೊನೆಲ್ಲಾ ರೋಗಾಣು ಇದ್ದರೆ ಆ ಕಾವಿಗೆ ಸಾಯುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ಪೊರೆ ಕರಕಲಾಗುತ್ತಿದೆ, ಉರಿ ಹೆಚ್ಚಾಯಿತು ಎಂದರ್ಥ. ಹುರಿದರೆ ಚಿಪ್ಪು ಸುಟ್ಟ ಸುಣ್ಣವಾಗಿಬಿಡುತ್ತದೆಯೇ ಎಂದು ಹಲವರು ಕೇಳುತ್ತಾರೆ. ಅದಕ್ಕೆ 800 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ ಬೇಕು. ಸುಣ್ಣದ ಗೂಡಿನಲ್ಲಿ ಆಗುವ ಆ ಕೆಲಸ ಅಡುಗೆಮನೆಯ ಬಾಣಲೆಯಲ್ಲಿ ಆಗುವಂಥದ್ದಲ್ಲ.

ಒಣಗಿದೆಯೇ ಎಂದು ತಿಳಿಯಲು ಗಡಿಯಾರ ನೋಡಬೇಡಿ, ಚಿಪ್ಪನ್ನು ಬೆರಳಲ್ಲಿ ಒತ್ತಿ ನೋಡಿ. ಒಣಗಿದ ಚಿಪ್ಪು ಟಕ್ಕೆಂದು ಮುರಿದು ಎರಡು ಚೂರು ಬೇರೆ ಬೇರೆ ಬೀಳುತ್ತದೆ, ಒಳಪೊರೆ ಕಾಗದದಂತೆ ಎದ್ದು ಬಂದಿರುತ್ತದೆ. ಮುರಿದ ಚೂರುಗಳು ಪೊರೆಗೆ ಜೋತುಬಿದ್ದುಕೊಂಡಿದ್ದರೆ ಇನ್ನೂ ಹಸಿಯಿದೆ. ಅಂಥ ಒಂದೇ ಒಂದು ಹೋಳು ಡಬ್ಬ ಸೇರಿದರೂ ಉಳಿದವುಗಳಿಗೆಲ್ಲ ತೇವ ಹಂಚುತ್ತದೆ. ಪೂರ್ತಿ ಒಣಗಿ, ಪೂರ್ತಿ ಆರಿದ ಮೇಲೆ ಮಾತ್ರ ಡಬ್ಬಕ್ಕೆ. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಹನಿಗಟ್ಟಿ ಅದೇ ಕಥೆ ಮತ್ತೆ ಶುರು.

ಇಡುವುದಕ್ಕೆ ಮುಚ್ಚಳವಿರುವ ಸ್ಟೀಲ್ ಡಬ್ಬವೋ ಗಾಜಿನ ಜಾಡಿಯೋ ಆಗಬಹುದು. ದಿನವೂ ಒಂದೆರಡು ಚಿಪ್ಪು ಸೇರುತ್ತಲೇ ಇರುತ್ತದೆಯಲ್ಲ, ಅದಕ್ಕೆ ಎರಡು ಪಾತ್ರೆ ಇಟ್ಟುಕೊಳ್ಳಿ: ಒಣಗುತ್ತಿರುವುದಕ್ಕೆ ಬಾಯಿ ತೆರೆದ ಬುಟ್ಟಿ, ಒಣಗಿದ್ದಕ್ಕೆ ಮುಚ್ಚಿದ ಡಬ್ಬ. ಬುಟ್ಟಿಯ ಮೇಲೆ ತೆಳು ಬಟ್ಟೆ ಕಟ್ಟಿದರೆ ನೊಣ, ಜಿರಳೆಗಳ ಕಾಟ ಇರುವುದಿಲ್ಲ. ಫ್ರಿಜ್ಜಿನಲ್ಲಿಡುವ ಅಗತ್ಯ ಇಲ್ಲ. ಚೆನ್ನಾಗಿ ಒಣಗಿದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ. ಜಾಣರಾದವರು ಏಪ್ರಿಲ್–ಮೇ ಬಿಸಿಲಿನಲ್ಲಿ ಒಣಗಿಸಿ ಹಪ್ಪಳ ಸಂಡಿಗೆಯ ಜೊತೆಯಲ್ಲೇ ಮಳೆಗಾಲಕ್ಕೆ ಇದನ್ನೂ ಕೂಡಿಡುತ್ತಾರೆ. ಈಗ ನಿಮ್ಮಲ್ಲಿರುವ ನಾತದ ಸರಕನ್ನು ಉಳಿಸಿಕೊಳ್ಳಲು ಹೋಗಬೇಡಿ, ತೆಂಗಿನ ಬುಡಕ್ಕೆ ಹೂತುಬಿಡಿ.

ಇನ್ನು ಪುಡಿ ಮಾಡುವ ಮಾತು. ಮಿಕ್ಸಿಗೆ ಹಾಕಿ ಹಿಟ್ಟಿನಂತೆ ನುಣ್ಣಗೆ ಮಾಡುವುದು ಎಲ್ಲರೂ ಮೊದಲು ಮಾಡುವ ಕೆಲಸ, ಆದರೆ ಕೋಳಿಗೆ ಬೇಕಾದದ್ದು ಹಿಟ್ಟಲ್ಲ. ಚಿಪ್ಪನ್ನು ಬಟ್ಟೆಯ ಚೀಲದಲ್ಲಿ ಹಾಕಿ ಲಟ್ಟಣಿಗೆಯಿಂದ ಒತ್ತಿ, ಅಥವಾ ಕುಟ್ಟಾಣಿಯಲ್ಲಿ ನಾಲ್ಕು ಪೆಟ್ಟು ಕೊಡಿ. ಚೂರುಗಳು ಅಕ್ಕಿನುಚ್ಚಿನಿಂದ ಹಿಡಿದು ಹೆಸರುಕಾಳಿನಷ್ಟರವರೆಗೆ ಇರಲಿ, ಅಂದರೆ ಎರಡರಿಂದ ನಾಲ್ಕು ಮಿಲಿಮೀಟರ್. ಕಾರಣ ಕೋಳಿಯ ದೇಹದೊಳಗಿನ ವೇಳಾಪಟ್ಟಿಯಲ್ಲಿದೆ. ಮೊಟ್ಟೆ ಅಂಡಾಶಯದಿಂದ ಹೊರಟು ಗೂಡಿಗೆ ಬೀಳಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಬೆಳಗ್ಗೆ ಮೊಟ್ಟೆಯಿಟ್ಟ ಹೇಂಟೆಯಲ್ಲಿ ಮರುದಿನದ ಮೊಟ್ಟೆಗೆ ಚಿಪ್ಪು ಮುಖ್ಯವಾಗಿ ಕಟ್ಟುವುದು ರಾತ್ರಿ ಹೊತ್ತಿನಲ್ಲಿ, ಅಂದರೆ ಅದು ಏನನ್ನೂ ತಿನ್ನದೆ ಕಣ್ಣು ಮುಚ್ಚಿ ಕೂತಿರುವ ಹೊತ್ತಿನಲ್ಲಿ. ಹಿಟ್ಟಿನಂಥ ಪುಡಿ ಹಗಲಲ್ಲೇ ಕರುಳು ದಾಟಿ ಹಿಕ್ಕೆಯಾಗಿ ಹೋಗಿರುತ್ತದೆ. ದಪ್ಪ ಚೂರು ಹಾಗಲ್ಲ. ಕೋಳಿ ಕೊಯ್ದಾಗ ಸಿಗುವ, ಗಟ್ಟಿ ಮಾಂಸದ ಕಂದನಕಾಯಿ ಇದೆಯಲ್ಲ, ಅದರಲ್ಲಿ ಕೂತು ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಚಿಪ್ಪು ಕಟ್ಟುವ ಹೊತ್ತಿಗೆ ಸರಿಯಾಗಿ ರಕ್ತಕ್ಕೆ ಕ್ಯಾಲ್ಸಿಯಂ ಸಿಗುತ್ತದೆ. ಸಿಗದಿದ್ದರೆ ಹೇಂಟೆ ತನ್ನ ಮೂಳೆಯಿಂದಲೇ ತೆಗೆದು ಮೊಟ್ಟೆಗೆ ಕೊಡುತ್ತದೆ. ಹೀಗೆ ತಿಂಗಳುಗಟ್ಟಲೆ ಕೊಟ್ಟ ಕೋಳಿಗಳೇ ಕೊನೆಗೆ ಕಾಲು ಸೋತು ಕೂರುತ್ತವೆ.

ಇದೇ ಕಾರಣಕ್ಕೆ ಚಿಪ್ಪು ಕೊಡುವ ಸಮಯ ಸಂಜೆ. ಕೋಳಿಗಳು ಗೂಡಿಗೆ ಹೋಗುವ ಒಂದೆರಡು ಗಂಟೆ ಮೊದಲು ಇಟ್ಟು ನೋಡಿ. ಮೊಟ್ಟೆ ಇಡುತ್ತಿರುವ ಹೇಂಟೆಗಳು ತಾವಾಗಿಯೇ ಬಂದು ಆರಿಸಿ ತಿನ್ನುತ್ತವೆ, ಕಾವಿಗೆ ಕೂತದ್ದು, ಪುಕ್ಕ ಉದುರಿಸುತ್ತಿರುವುದು ಮೂಸಿಯೂ ನೋಡುವುದಿಲ್ಲ. ತನಗೆ ಎಷ್ಟು ಕ್ಯಾಲ್ಸಿಯಂ ಬೇಕು ಎಂಬ ಅರಿವು ಹೇಂಟೆಗೆ ಇದೆ, ನಾವು ಚಮಚದಲ್ಲಿ ಅಳೆದು ತಿನ್ನಿಸಬೇಕಾಗಿಲ್ಲ. ಆದ್ದರಿಂದ ಚಿಪ್ಪನ್ನು ನುಚ್ಚಿನಲ್ಲಿ, ಅನ್ನದಲ್ಲಿ ಕಲಸಬೇಡಿ. ಬೇರೆಯೇ ಒಂದು ಕರಟದಲ್ಲಿ ಇಡಿ.

ಈ ಬೇರೆ ಪಾತ್ರೆಯ ವಿಷಯದಲ್ಲಿ ನಿಮ್ಮ ಮನೆಯಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಮರಿಗಳಿವೆ. ಮರಿಗಳ ಆಹಾರದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಕ್ಯಾಲ್ಸಿಯಂ ಇದ್ದರೆ ಸಾಕು. ಮೊಟ್ಟೆಕೋಳಿಯ ಆಹಾರದಲ್ಲಿ ಮೂರೂವರೆಯಿಂದ ನಾಲ್ಕು ಪಾಲು ಇರುತ್ತದೆ. ಬೆಳೆಯುವ ಮರಿಗೆ ಅಷ್ಟನ್ನು ದಿನವೂ ತಿನ್ನಿಸಿದರೆ ಮೂತ್ರಪಿಂಡ ಹಾಳಾಗುತ್ತದೆ. ಹಾಗೆ ಸತ್ತ ಮರಿಯನ್ನು ಕೊಯ್ದು ನೋಡಿದರೆ ಹೃದಯ, ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರ ಕಾಣುತ್ತದೆ. ಆ ಬಿಳಿ ಯೂರಿಕ್ ಆಮ್ಲದ್ದು, ಕೆಟ್ಟ ಮೂತ್ರಪಿಂಡ ಹೊರಹಾಕಲಾಗದೆ ಉಳಿದದ್ದು. ಕರಟವನ್ನು ಗೂಡಿನ ಕಂಬಕ್ಕೆ ನೆಲದಿಂದ ಒಂದಡಿ ಎತ್ತರದಲ್ಲಿ ಮೊಳೆ ಹೊಡೆದು ಕೂರಿಸಿದರೆ ಗಿರಿರಾಜಕ್ಕೆ ಕೊಕ್ಕು ನಿಲುಕುತ್ತದೆ, ಮರಿಗಳಿಗೆ ನಿಲುಕುವುದಿಲ್ಲ, ಮಳೆನೀರೂ ಎರಚುವುದಿಲ್ಲ. ಕೆದಕಿ ಚೆಲ್ಲುವುದೂ ಕಡಿಮೆ.

ಈಗ ಲೆಕ್ಕಕ್ಕೆ ಬರೋಣ, ಚಿಪ್ಪು ಹಾಕಿಯೂ ಮೊಟ್ಟೆ ತೆಳ್ಳಗಿದೆ ಎನ್ನುವವರು ತಪ್ಪುವುದು ಇಲ್ಲೇ. 55 ಗ್ರಾಂ ತೂಗುವ ಮೊಟ್ಟೆಯ ಚಿಪ್ಪು ಒಣಗಿದಾಗ ಸುಮಾರು ಐದು ಗ್ರಾಂ, ಅದರಲ್ಲಿ ಕ್ಯಾಲ್ಸಿಯಂ ಎರಡು ಗ್ರಾಂನಷ್ಟು. ಕೋಳಿ ತಿಂದ ಕ್ಯಾಲ್ಸಿಯಂನಲ್ಲಿ ಮೈಗೆ ಹತ್ತುವುದು ಹೆಚ್ಚುಕಡಿಮೆ ಅರ್ಧ. ಹಾಗಾಗಿ ಎರಡು ಗ್ರಾಂ ಇರುವ ಒಂದು ಚಿಪ್ಪು ಕಟ್ಟಲು ಅದು ನಾಲ್ಕು ಗ್ರಾಂ ತಿನ್ನಬೇಕು. ಒಂದು ಮೊಟ್ಟೆಗೆ ಎರಡು ಮೊಟ್ಟೆಯ ಚಿಪ್ಪು ಬೇಕಾಯಿತಲ್ಲ! ನಿಮ್ಮ ಕೋಳಿಗಳ ಅಷ್ಟೂ ಚಿಪ್ಪನ್ನು ಒಂದೂ ಬಿಡದೆ ವಾಪಸು ಹಾಕಿದರೂ ಸಾಲ ಅರ್ಧದಷ್ಟೇ ತೀರುತ್ತದೆ. ಮೊಟ್ಟೆ ಮಾರುವವರಾದರೆ ಮಾರಿದ ಮೊಟ್ಟೆಯೊಂದಿಗೆ ಚಿಪ್ಪೂ ಹೋಯಿತು.

ಉಳಿದರ್ಧ ಎಲ್ಲಿಂದ? ರಾಗಿ ಹಾಕುತ್ತೇವಲ್ಲ ಎನ್ನಬಹುದು. ಧಾನ್ಯಗಳಲ್ಲಿ ಕ್ಯಾಲ್ಸಿಯಂಗೆ ರಾಗಿಯದೇ ಮೊದಲ ಸ್ಥಾನ ಎಂಬುದು ನಿಜ, ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಮನುಷ್ಯರಿಗೆ ಅದು ದೊಡ್ಡ ಮೊತ್ತ. ಆದರೆ ಐವತ್ತು ಗ್ರಾಂ ರಾಗಿ ತಿಂದ ಹೇಂಟೆಗೆ ಸಿಗುವುದು 0.17 ಗ್ರಾಂ, ಬೇಕಾದದ್ದು ನಾಲ್ಕು ಗ್ರಾಂ. ಅಕ್ಕಿನುಚ್ಚು, ಜೋಳಗಳಲ್ಲಿ ಇರುವುದಂತೂ ಲೆಕ್ಕಕ್ಕೇ ಬಾರದು. ನಾಟಿ ಹೇಂಟೆಗಳು ಇದೇ ಕಾಳು ತಿಂದು ಗಟ್ಟಿ ಮೊಟ್ಟೆ ಇಡುತ್ತವಲ್ಲ ಎಂದು ಕೇಳಿದರೆ, ಅವು ಇಡುವುದೇ ಕಡಿಮೆ. ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತರೆ ಮರಿ ದೊಡ್ಡದಾಗುವವರೆಗೂ ಮತ್ತೆ ಇಡುವುದಿಲ್ಲ. ಅಷ್ಟರಲ್ಲಿ ಬಸವನಹುಳು, ಗೊಬ್ಬರದ ಗುಂಡಿಯ ಹುಳುಹುಪ್ಪಟೆ, ಸೊಪ್ಪು ತಿಂದು ಮೂಳೆಯ ಖಜಾನೆ ತುಂಬಿಕೊಂಡಿರುತ್ತವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ನಾಟಿಗಿಂತ ಎಷ್ಟೋ ಹೆಚ್ಚು ಮೊಟ್ಟೆ ಕೊಡುವ ತಳಿ, ಕಾವಿಗೆ ಕೂತು ಬಿಡುವು ಮಾಡಿಕೊಳ್ಳುವ ಅಭ್ಯಾಸವೂ ಅದಕ್ಕೆ ಕಡಿಮೆ. ಅದನ್ನು ನಾಟಿಯ ಮೇವಿನಲ್ಲೇ ಸಾಕಲು ಹೋದರೆ ಮೊದಲು ತೆಳ್ಳಗಾಗುವುದು ಚಿಪ್ಪು.

ನಿಮ್ಮ ಹನ್ನೆರಡು ಹೇಂಟೆಗಳಿಂದ ದಿನಕ್ಕೆ ನಾಲ್ಕು ಮೊಟ್ಟೆ ಎಂದುಕೊಳ್ಳಿ. ಬೇಕಾದದ್ದು 16 ಗ್ರಾಂ ಕ್ಯಾಲ್ಸಿಯಂ, ನಾಲ್ಕೂ ಚಿಪ್ಪು ವಾಪಸು ಬಂದರೆ ಸಿಗುವುದು ಎಂಟು. ಉಳಿದ ಎಂಟು ಗ್ರಾಂಗೆ ಕೋಳಿ ಆಹಾರದ ಅಂಗಡಿಗಳಲ್ಲಿ ಸಿಗುವ ಶೆಲ್ ಗ್ರಿಟ್, ಅಂದರೆ ಕಪ್ಪೆಚಿಪ್ಪಿನ ಚೂರು, ದಿನಕ್ಕೆ ಇಪ್ಪತ್ತು ಗ್ರಾಂ ಸೇರಿಸಿದರೆ ಸರಿಹೋಗುತ್ತದೆ. ಒಂದು ಕಿಲೋ ತಂದರೆ ಒಂದೂವರೆ ತಿಂಗಳಿಗೂ ಮಿಕ್ಕಿ ಬರುತ್ತದೆ. ಕರಾವಳಿಯಲ್ಲಿ ನೆಂಟರಿದ್ದರೆ ಅಡುಗೆ ಮಾಡಿ ಎಸೆಯುವ ಮರುವಾಯಿ (ಕಪ್ಪೆಚಿಪ್ಪಿನ ಜಾತಿ) ಚಿಪ್ಪನ್ನೇ ತರಿಸಿ, ತೊಳೆದು ಒಣಗಿಸಿ ಕುಟ್ಟಬಹುದು. ಆದರೆ ಅದು ಒಡೆದರೆ ಚೂಪು, ಜರಡಿ ಹಿಡಿದು ದೊಡ್ಡ ಚೂರುಗಳನ್ನು ತೆಗೆದುಬಿಡಿ. ಶೆಲ್ ಗ್ರಿಟ್ಟನ್ನೂ ಮೊಟ್ಟೆಚಿಪ್ಪನ್ನೂ ಒಂದೇ ಕರಟದಲ್ಲಿ ಬೆರೆಸಿ ಇಟ್ಟರೆ ಅಡ್ಡಿಯಿಲ್ಲ. ಕಾಳು ಅರೆಯಲು ಕೋಳಿ ನುಂಗುವ ಸಣ್ಣ ಕಲ್ಲು ಬೇರೆ ಸಂಗತಿ. ಅದು ಕರಗುವುದಿಲ್ಲ, ಹಿತ್ತಲಲ್ಲಿ ಓಡಾಡುವ ಕೋಳಿ ಅದನ್ನು ತಾನೇ ಹುಡುಕಿಕೊಳ್ಳುತ್ತದೆ.

ಮಳೆ ಹಿಡಿದ ಮೇಲೆಯೇ ಚಿಪ್ಪು ತೆಳ್ಳಗಾಯಿತು ಎಂದಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ಆ ಮಾತಿನ ಮೇಲೆ. ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ದಾಟಲು ವಿಟಮಿನ್ ಡಿ ಬೇಕು. ಕೋಳಿ ಅದನ್ನು ಬಿಸಿಲಿನಿಂದ ಮಾಡಿಕೊಳ್ಳುವುದು ಮುಖ್ಯವಾಗಿ ಪುಕ್ಕವಿಲ್ಲದ ಕಾಲು, ಪಾದಗಳ ಚರ್ಮದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಸೂರ್ಯನೇ ಅಪರೂಪ, ಅಷ್ಟರ ಮೇಲೆ ಕೋಳಿಗಳನ್ನು ಗೂಡಿನಲ್ಲೇ ಕೂಡಿ ಹಾಕಿರುತ್ತೇವೆ. ಈ ದಿನಗಳಲ್ಲಿ ಬರೀ ಚಿಪ್ಪು ಸುರಿದರೆ ಹಿಕ್ಕೆ ಬೆಳ್ಳಗಾದೀತೇ ಹೊರತು ಮೊಟ್ಟೆ ಗಟ್ಟಿಯಾಗದು. ಮಳೆ ಹೊಳವಾದ ಅರ್ಧ ಗಂಟೆಯಾದರೂ ಹೊರಗೆ ಬಿಡಿ. ಜೊತೆಗೆ ಮಳೆಗಾಲ ಮುಗಿಯುವವರೆಗೆ ದಿನದ ಮೇವಿನ ಅರ್ಧವನ್ನಾದರೂ ಅಂಗಡಿಯ ಮೊಟ್ಟೆಕೋಳಿ ಆಹಾರವಾದ ಲೇಯರ್ ಫೀಡ್‌ಗೆ ಬದಲಿಸಿ, ಅದರಲ್ಲಿ ವಿಟಮಿನ್ ಡಿ3, ರಂಜಕ ಎರಡೂ ಸೇರಿರುತ್ತವೆ. ಮೇವಿನ ಬುಟ್ಟಿಗೆ ಮರಿಗಳು ಬಾಯಿ ಹಾಕದಂತೆ ನೋಡಿಕೊಳ್ಳಿ. ಲೇಯರ್ ಫೀಡ್ ಆಗದಿದ್ದರೆ ನೀರಿಗೆ ಬೆರೆಸುವ ಡಿ3 ದ್ರಾವಣವನ್ನು ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ ಬಳಸಿ. ಮಳೆಗಾಲಕ್ಕೆಂದು ತಂದಿಟ್ಟ ಒಣಮೀನಿನ ತಲೆ, ಮುಳ್ಳು ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಉಪ್ಪು ಹಾಕದೆ ಒಣಗಿಸಿದ್ದಾದರೆ ಒಳ್ಳೆಯದೇ, ಉಪ್ಪುಮೀನು ಮಾತ್ರ ಬೇಡ. ಹೆಚ್ಚು ಉಪ್ಪು ಕೋಳಿಗೆ ವಿಷ.

ಅತ್ತೆಯವರ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಅರ್ಧ ಹೋಳಿನ ಚಿಪ್ಪನ್ನು, ಒಳಗೆ ಲೋಳೆಯ ಪಸೆ ಇರುವಾಗಲೇ ಹಿತ್ತಲಿಗೆ ಎಸೆದರೆ ಕೋಳಿಗೆ ಆ ಆಕಾರಕ್ಕೂ ರುಚಿಗೂ ನಂಟು ಬೆಳೆಯಬಹುದು. ತೊಳೆದು, ಒಣಗಿಸಿ, ಚೂರು ಮಾಡಿದ ಮೇಲೆ ಅದರಲ್ಲಿ ಮೊಟ್ಟೆಯ ಆಕಾರವೂ ಇಲ್ಲ, ರುಚಿಯೂ ಇಲ್ಲ. ನಿಜ ಹೇಳಬೇಕೆಂದರೆ ಕೋಳಿ ಮೊಟ್ಟೆ ಕುಡಿಯಲು ಕಲಿಯುವುದು ಈಗ ನಿಮ್ಮ ಗೂಡಿನಲ್ಲಿ ಆಗುತ್ತಿರುವ ಹಾಗೆ ತೆಳು ಚಿಪ್ಪಿನ ಮೊಟ್ಟೆ ಒಡೆದು ಹಳದಿ ಹರಿದಾಗಲೇ. ಒಮ್ಮೆ ಕೊಕ್ಕಿಗೆ ಹತ್ತಿತೆಂದರೆ ಬಿಡಿಸುವುದು ಬಲು ಕಷ್ಟ. ಹಾಗಾಗಿ ಚಿಪ್ಪು ಗಟ್ಟಿಯಾಗುವವರೆಗೆ ಬೆಳಗ್ಗೆ ಎರಡು ಮೂರು ಸಲ ಮೊಟ್ಟೆ ಎತ್ತಿ, ಗೂಡಿಗೆ ದಪ್ಪಗೆ ಒಣಹುಲ್ಲು ಹಾಸಿ, ಒಡೆದದ್ದನ್ನು ಹುಲ್ಲಿನ ಸಮೇತ ತೆಗೆಯಿರಿ. ಅತ್ತೆಯವರಿಗೆ ಚಿಪ್ಪು ಕುಟ್ಟುವ ಕೆಲಸವನ್ನೇ ವಹಿಸಿಬಿಡಿ, ಜಗಳ ಮುಗಿಯುತ್ತದೆ.

ಬೇಕರಿಯ ಚಿಪ್ಪು ಬೇಡ. ಅವು ಯಾವ ಯಾವುದೋ ಫಾರಂನಿಂದ ಬಂದ ಮೊಟ್ಟೆಗಳು, ಹಸಿಯಾಗಿ ಒಡೆದು ಬುಟ್ಟಿಗೆ ಎಸೆದವು. ಮನೆಗೆ ತರುವಷ್ಟರಲ್ಲಿ ಲೋಳೆ ಸೋರಿ ಚೀಲ, ಕೈ, ಅಂಗಳ ಎಲ್ಲ ಮೆತ್ತಿಕೊಂಡಿರುತ್ತದೆ. ಸಾಲ್ಮೊನೆಲ್ಲಾದಂಥ ರೋಗ ಹಿತ್ತಲಿಗೆ ಬರಲು ಅಷ್ಟು ಸಾಕು, ಆಮೇಲೆ ಚಿಪ್ಪನ್ನು ಕುದಿಸಿ ಫಲವಿಲ್ಲ. ಅಷ್ಟು ಅಪಾಯ ಹೊರುವ ಬದಲು ಶೆಲ್ ಗ್ರಿಟ್ಟಿಗೆ ನಾಲ್ಕು ಕಾಸು ಖರ್ಚು ಮಾಡುವುದೇ ಲೇಸು. ನಿಮ್ಮ ಮನೆಯ ಅಡುಗೆಗೆ ಅಂಗಡಿಯಿಂದ ತಂದ ಮೊಟ್ಟೆಯ ಚಿಪ್ಪನ್ನು ಬಳಸಬಹುದು, ಆದರೆ ಅದನ್ನು ಹತ್ತು ನಿಮಿಷ ಕುದಿಸಿಯೋ ಹುರಿದೋ ಬಳಸಿ, ಬಿಸಿಲಿನಲ್ಲಿ ಒಣಗಿಸಿದರೆ ಸಾಲದು.

ಎಲೆಯಡಿಕೆಯ ಸುಣ್ಣ ಕ್ಷಾರ. ಉಂಡೆಯಾಗಿ ತಿಂದರೆ ಬಾಯಿ, ಮೇವುಚೀಲ ಸುಡುತ್ತದೆ. ಸುಣ್ಣದ ತಿಳಿನೀರು ಕುಡಿಸುವವರಿದ್ದಾರೆ, ಆದರೆ ಸುಣ್ಣ ನೀರಿನಲ್ಲಿ ಕರಗುವುದೇ ಅಷ್ಟಕ್ಕಷ್ಟೆ. ಒಂದು ಲೀಟರ್ ತಿಳಿನೀರಿನಲ್ಲಿ ಒಂದು ಗ್ರಾಂ ಕ್ಯಾಲ್ಸಿಯಂ ಕೂಡ ಇರದು, ಹೇಂಟೆ ದಿನಕ್ಕೆ ಕುಡಿಯುವುದು ಕಾಲು ಲೀಟರ್. ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲು ತಂದ ಸುಣ್ಣವನ್ನಂತೂ ಕೋಳಿಯ ಹತ್ತಿರ ಸುಳಿಸಬೇಡಿ. ತೋಟಕ್ಕೆ ಹಾಕುವ ಡೋಲೊಮೈಟ್ ಕೂಡ ಆಗದು, ಅದರಲ್ಲಿ ಮೆಗ್ನೀಷಿಯಂ ಹೆಚ್ಚು, ಕೋಳಿಗೆ ಭೇದಿಯಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಫಲ ಕಾಣುತ್ತಿದೆಯೇ ಎಂದು ತಿಳಿಯಲು ಕೂಡಿಟ್ಟ ಚಿಪ್ಪೇ ಸಾಕು. ಗಿರಿರಾಜದ ಹತ್ತು ಮೊಟ್ಟೆಯ ಚಿಪ್ಪನ್ನು ಪೂರ್ತಿ ಒಣಗಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಐವತ್ತು ಗ್ರಾಂ ಆಸುಪಾಸು ಬರಬೇಕು. ನಾಟಿ ಮೊಟ್ಟೆ ಚಿಕ್ಕದು, ಹತ್ತಕ್ಕೆ ನಲವತ್ತು ಬಂದರೆ ಸರಿ. ಈಗಿನ ಗಿರಿರಾಜ ಮೊಟ್ಟೆಗಳದ್ದು ನಲವತ್ತರ ಕೆಳಗೇ ಇರಬಹುದು ಎಂದು ನನ್ನ ಅಂದಾಜು. ಬರೆದಿಟ್ಟುಕೊಂಡು ಎರಡು ಮೂರು ವಾರದ ನಂತರ ಮತ್ತೆ ತೂಗಿ. ತೂಕ ಏರದಿದ್ದರೆ, ಅಥವಾ ಅದರ ನಡುವೆಯೇ ಎಲ್ಲ ಕೋಳಿಗಳ ಮೊಟ್ಟೆಯೂ ಒಟ್ಟಿಗೆ ಸೊಟ್ಟಗೆ, ಒರಟಾಗಿ, ಬಣ್ಣಗೆಟ್ಟು ಬರತೊಡಗಿದರೆ, ಕೋಳಿಗಳು ಬಾಯಿ ತೆರೆದು ಉಸಿರಾಡುತ್ತಿದ್ದರೆ, ಅದು ಬರೀ ಕ್ಯಾಲ್ಸಿಯಂ ಕೊರತೆ ಅಲ್ಲದಿರಬಹುದು. ಕೊಕ್ಕರೆ ರೋಗವೋ (ರಾಣಿಖೇತ್) ಬ್ರಾಂಕೈಟಿಸ್‌ನಂಥ ಸೋಂಕೋ ಇರಬಹುದು. ಆಗ ಚಿಪ್ಪು ಕುಟ್ಟುತ್ತಾ ಕೂರದೆ ಪಶುವೈದ್ಯರನ್ನು ಕರೆಸಿ. ಕೊಕ್ಕರೆ ರೋಗದ ಲಸಿಕೆ ಕೊನೆಯ ಸಲ ಹಾಕಿಸಿದ್ದು ಯಾವಾಗ ಎಂಬುದನ್ನು ಅವರಿಗೆ ಮೊದಲೇ ತಿಳಿಸಿ.